ಅತ್ತೆ ನಕ್ಕ ಸ್ಪೀಕರು

ಸಾಮಾನು ಕೊಳ್ಳುವಾಗ ನನಗೆ ಗೊಂದಲ ಅನ್ನುವುದು ಎಂದೂ ಆದದ್ದಿಲ್ಲ. ಇದನ್ನು ಜಂಭ ಅಂದುಕೊಳ್ಳುವವರು ಅಂದುಕೊಳ್ಳಲಿ. ಕೊಟ್ಟೂರಿನ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು ಅರ್ಧ ಆಯುಷ್ಯ ಕಳೆದವಳಿಗೆ ಅಷ್ಟು ಜಂಭವೂ ಬೇಡವೆಂದರೆ ಹೇಗೆ? ಕೊಡವಾಗಲಿ ಪರಾತವಾಗಲಿ, ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯ ಬೆರಳಗೆಣ್ಣಿನಿಂದ ಟಣ್ ಅನ್ನಿಸಿದರೆ ಅದರ ಜಾತಕ ನನಗೆ ತಿಳಿದುಹೋಗುತ್ತದೆ. ತಗಡು ತೆಳುವೋ ದಪ್ಪವೋ, ತಳಕ್ಕೆ ಬೆಸುಗೆ ಸರಿಯಾಗಿ ಕೂತಿದೆಯೋ ಇಲ್ಲವೋ, ಎಲ್ಲ ಆ ಒಂದು ಸದ್ದಿನಲ್ಲಿ ಇರುತ್ತದೆ. ಕಣ್ಣನ್ನು ನಂಬಿ ಕೊಂಡವರು ಹೊಳಪಿಗೆ ಮರುಳಾಗಿ ಮನೆಗೆ ಹೋಗಿ ಹಳಹಳಿಸುತ್ತಾರೆ.

ಹಾಗೆ ನೋಡಿದರೆ ನಮ್ಮ ಕಡೆಯ ಜನ ಕೊಳ್ಳುವುದೇ ಕಿವಿಯಿಂದ. ಬೇಸಿಗೆ ಬಂತೆಂದರೆ ಕುಂಬಾರರ ಮುಂದೆ ಕುಕ್ಕರಗಾಲಲ್ಲಿ ಕೂತು ಗಡಿಗೆ ಬಡಿದು ನೋಡುತ್ತಾರೆ. ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಕಲ್ಲಂಗಡಿ ಹಣ್ಣನ್ನಂತೂ ಡಾಕ್ಟರು ಎದೆ ನೋಡಿದಷ್ಟು ಗಂಭೀರವಾಗಿ ತಟ್ಟುತ್ತಾರೆ. ಹೀಗಿರುವಾಗ, ಸದ್ದು ಮಾಡುವುದೇ ಕೆಲಸವಾದ ಒಂದು ಸಾಮಾನನ್ನು ಕೊಳ್ಳುವುದು ಯಾವ ಮಹಾ ಬ್ರಹ್ಮವಿದ್ಯೆ ಎಂದು ನಾನು ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ.

ನಮ್ಮ ಮನೆಯವರ ಸ್ವಭಾವ ಇದಕ್ಕೆ ತಿರುಗಾಮುರುಗಾ. ಕೊಟ್ರೇಶ ಎಂದು ಹೆಸರು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಕ್ಕಳಿಗೆ ಲೆಕ್ಕವನ್ನು ಮೂರು ಬಗೆಯಲ್ಲಿ ಬಿಡಿಸಿ ತೋರಿಸಿ, ಯಾವ ಬಗೆ ಒಳ್ಳೆಯದೆಂದು ತಾವೇ ಯೋಚಿಸುತ್ತ ನಿಲ್ಲುವವರು. ಒಂದು ಜೊತೆ ಚಪ್ಪಲಿ ಕೊಳ್ಳಬೇಕಾದರೆ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಅಂಗಡಿಗಳನ್ನೆಲ್ಲ ವಿಚಾರಿಸಿ, ಕೊನೆಗೆ ಹಳೆಯದಕ್ಕೇ ಹೊಲಿಗೆ ಹಾಕಿಸಿಕೊಂಡು ಬರುತ್ತಾರೆ. ಇಂಥವರಿಗೆ ಬಹಳ ವರ್ಷಗಳಿಂದ ಇದ್ದ ಒಂದೇ ಆಸೆ ಎಂದರೆ ಮನೆಯಲ್ಲಿ ಹೋಮ್ ಥಿಯೇಟರ್ ಇಡಬೇಕು ಅನ್ನುವುದು. ಹುಡುಗರಾಗಿದ್ದಾಗ ಹರಪನಹಳ್ಳಿಯ ಟಾಕೀಸಿನಲ್ಲಿ ಗುಡುಗಿನ ಸದ್ದಿಗೆ ಕೂತ ಬೆಂಚು ನಡುಗಿತ್ತಂತೆ. ಆ ನಡುಕ ಇನ್ನೂ ಅವರ ಮೈಯಿಂದ ಇಳಿದಿಲ್ಲ.

ಹೋದ ವರ್ಷ ಹಳೆಯ ಟಿವಿ ಕೆಟ್ಟು ಹೊಸದು ಬಂತು. ಗೋಡೆಯ ತುಂಬ ಚಿತ್ರ, ದಪ್ಪ ಮಾತ್ರ ಹೋಳಿಗೆಯಷ್ಟು. ಚಿತ್ರವೇನೋ ಕಣ್ಣಿಗೆ ಕಟ್ಟುವ ಹಾಗೆ ಇತ್ತು. ಸದ್ದು ಮಾತ್ರ ಯಾರೋ ಬಾಯಿಗೆ ಟವೆಲು ಇಟ್ಟುಕೊಂಡು ಮಾತಾಡಿದಂತೆ. ಟಿವಿ ತೆಳ್ಳಗಾದಷ್ಟೂ ಅದರ ಸ್ಪೀಕರಿಗೆ ಜಾಗವಿಲ್ಲದೆ ಬೆನ್ನಿಗೆ ಅಂಟಿಸುತ್ತಾರಂತೆ. ಮಾತು ಕೇಳಲಿಲ್ಲವೆಂದು ಸೌಂಡ್ ಹೆಚ್ಚಿಸಿದರೆ ಹಾಡು ಬಂದಾಗ ಕಿವಿ ಹರಿಯುತ್ತಿತ್ತು. ಹಾಡು ಜೋರಾಯಿತೆಂದು ಇಳಿಸಿದರೆ ಮಾತು ಮಾಯ. ರಿಮೋಟು ಹಿಡಿದವರ ಹೆಬ್ಬೆರಳು ಬತ್ತ ಕುಟ್ಟಿದ ಹಾಗೆ ಆಡುತ್ತಲೇ ಇರಬೇಕಾಯಿತು. ಮನೆಯವರಿಗೆ ಇಷ್ಟೇ ನೆವ ಸಾಕಾಯಿತು. ಮೊಬೈಲು ಹಿಡಿದು ಕೂತರು. ರಿಸೀವರ್ ಯಾವುದು, ಸ್ಪೀಕರ್ ಯಾವುದು, ನಮ್ಮ ಬಜೆಟ್ಟಿಗೆ ಯಾವುದು ಹೊಂದುತ್ತದೆ ಎಂದು ಓದಿದ್ದೇ ಓದಿದ್ದು. ಆನ್‌ಲೈನಿನಲ್ಲಿ ಒಂದನ್ನು ಬುಟ್ಟಿಗೆ ಹಾಕುವುದು, ಮರುದಿನ ಯಾರೋ ಅದನ್ನು ಬೈದು ಬರೆದದ್ದನ್ನು ಓದಿ ತೆಗೆಯುವುದು.

“ನಮಗ ಐದು ಪಾಯಿಂಟ್ ಒಂದು ಸಾಕು. ಏಳು ಪಾಯಿಂಟ್ ಒಂದು ಈ ಹಾಲಿಗೆ ಹೆಚ್ಚಾಗ್ತೈತಿ,” ಎಂದರು ಒಂದು ದಿನ ಊಟಕ್ಕೆ ಕೂತಾಗ.

“ಐದು ಸ್ಪೀಕರ್ ಅನ್ನೋದು ತಿಳಿತು. ಪಾಯಿಂಟ್ ಒಂದು ಅಂದ್ರೇನ್ರಿ? ಸ್ಪೀಕರಿನಾಗ ಹತ್ತರಾಗ ಒಂದು ಪಾಲು ಕೊಡ್ತಾರೇನು?” ಎಂದೆ.

“ಅದು ಸಬ್‌ವೂಫರ್. ಗುಡುಗು, ಬಾಂಬು, ದಪ್ಪ ದಪ್ಪ ಸದ್ದೆಲ್ಲ ಅದರಾಗ ಬರ್ತೈತಿ,” ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ನೋಡಿದರೆ ಇಡೀ ಸೆಟ್ಟಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು, ಜೋಳದ ಹಿಟ್ಟಿನ ಡಬ್ಬಿಯಷ್ಟು. ಲೆಕ್ಕದಲ್ಲಿ ಮಾತ್ರ ಪಾಯಿಂಟ್ ಒಂದು! ಗಣಿತದ ಮೇಷ್ಟ್ರು ಇದನ್ನು ಹೇಗೆ ಒಪ್ಪಿಕೊಂಡರೋ ಕಾಣೆ. ರಿಸೀವರ್ ಅಂದರೆ ಏನೆಂದೂ ಅವತ್ತೇ ತಿಳಿದುಕೊಂಡೆ. ಬಂದ ಸದ್ದನ್ನು ಬಿಡಿಸಿ, ಮಾತು ಇತ್ತ, ಹಾಡು ಅತ್ತ, ಗುಡುಗು ಮೂಲೆಗೆ ಎಂದು ಹಂಚಿ ಕಳಿಸುವ ಪೆಟ್ಟಿಗೆ. ಮದುವೆ ಮನೆಯಲ್ಲಿ ಉಗ್ರಾಣದ ಬೀಗ ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರಿಗೆ ಏನು ಕೊಡಬೇಕೆಂದು ನೋಡಿಕೊಳ್ಳುವ ಹಿರಿಯರು ಇರುತ್ತಾರಲ್ಲ, ಅಂಥದ್ದು.

ಇಷ್ಟು ಹೊತ್ತು ನಾನು ನಮ್ಮ ಅತ್ತೆಯ ಸುದ್ದಿ ಎತ್ತಿಲ್ಲ. ಹಾಲಮ್ಮ ಎಂದು ಅವರ ಹೆಸರು. ತವರುಮನೆ ಹಲವಾಗಲು, ತುಂಗಭದ್ರೆಯ ದಂಡೆ. ಹೊಳೆಯ ಈಚೆ ನಿಂತು ಆಚೆ ದಡದವರನ್ನು ಊಟಕ್ಕೆ ಕರೆದು ಬೆಳೆದ ಗಂಟಲು ಅವರದು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರು ಪ್ರೀತಿಯಿಂದ ಮಾತಾಡಿಸಿದರೂ ಬೈದರೆಂದು ಅಳು ಬರುತ್ತಿತ್ತು. ಟಿವಿ ಮುಂದೆ ಕೂತರಂತೂ ಅವರು ಪ್ರೇಕ್ಷಕರಲ್ಲ, ಪಂಚರು. ಪರದೆಯ ಮೇಲಿನ ಸೊಸೆಗೆ ಬುದ್ಧಿ ಹೇಳುವರು, ಅತ್ತೆಗೆ ಬಯ್ಯುವರು, ಹೆಂಡತಿಯ ಮಾತು ಕೇಳದ ಗಂಡನಿಗೆ “ಮೂಳ” ಎಂದು ಮಂಗಳಾರತಿ ಎತ್ತುವರು. ಅವರ ಟೀಕೆ ಕೇಳಲೆಂದೇ ನಾನು ಎಷ್ಟೋ ಕೆಟ್ಟ ಧಾರಾವಾಹಿಗಳನ್ನು ನೋಡಿದ್ದೇನೆ.

ಅಂಥವರು ಹೊಸ ಟಿವಿ ಬಂದ ಮೇಲೆ ಮೆಲ್ಲಗೆ ಹಿಂದೆ ಸರಿದರು. ಮೊದಮೊದಲು ಬಂದು ಸುಮ್ಮನೆ ಕೂರುತ್ತಿದ್ದರು. ಆಮೇಲೆ ಅರ್ಧಕ್ಕೇ ಎದ್ದು ತಮ್ಮ ಕೋಣೆಗೆ ಹೋಗತೊಡಗಿದರು. “ಈಗಿನ ನಾಟಕದಾಗ ಏನೈತಿ, ಬರೇ ಉಡುಗೆ ತೊಡುಗೆ,” ಅನ್ನುವರು. ಮನೆಯವರು ನನ್ನ ಹತ್ತಿರ, “ಅವ್ವಗ ವೈರಾಗ್ಯ ಬಂದೈತಿ ಅನಸ್ತೈತಿ,” ಎಂದರು, ಸ್ವಲ್ಪ ಹೆಮ್ಮೆಯಿಂದಲೇ.

ವೈರಾಗ್ಯವಲ್ಲವೆಂದು ನನಗೆ ತಿಳಿದದ್ದು ಒಂದು ಭಾನುವಾರ ಸಂಜೆ. ನಾದಿನಿಯ ಮನೆಯವರೆಲ್ಲ ಬಂದಿದ್ದರು. ಹಾಸ್ಯದ ಕಾರ್ಯಕ್ರಮ ನಡೆದಿತ್ತು. ಎಲ್ಲರೂ ಗೊಳ್ಳೆಂದು ನಕ್ಕರು, ಅತ್ತೆಯೂ ನಕ್ಕರು. ಆದರೆ ಎಲ್ಲರೂ ನಕ್ಕ ಮೇಲೆ ನಕ್ಕರು. ಕೂಡಿ ನಕ್ಕ ಹತ್ತು ಮಂದಿಯಲ್ಲಿ ಒಬ್ಬರು ಒಂದು ಕ್ಷಣ ತಡವಾದರೆ ಯಾರು ಗಮನಿಸುತ್ತಾರೆ? ನನ್ನ ಕಿವಿ ಅಂಥದ್ದನ್ನು ಬಿಡುವುದಿಲ್ಲ. ಮತ್ತೆ ನೋಡಿದೆ. ಅತ್ತೆಯ ಕಣ್ಣು ಟಿವಿಯ ಮೇಲೆ ಇರಲಿಲ್ಲ. ಅವರು ನಮ್ಮ ಮುಖಗಳನ್ನು ನೋಡುತ್ತಿದ್ದರು. ನಾವು ಯಾವಾಗ ನಗುತ್ತೇವೆಂದು ಕಾದು, ನಾವು ನಕ್ಕೊಡನೆ ತಾವೂ ನಗುತ್ತಿದ್ದರು.

ನಾನು ಕೈಯಲ್ಲಿದ್ದ ಚಹಾವನ್ನು ಕೆಳಗಿಟ್ಟೆ.

ನಮ್ಮ ಮಾತಿನಲ್ಲಿ ಒಂದು ಸೊಗಸು ಇದೆ. ಕಿವಿಯಿಂದ ಆಲಿಸುವುದಕ್ಕೂ ಕೇಳುವುದು ಅನ್ನುತ್ತೇವೆ, ಬಾಯಿಬಿಟ್ಟು ವಿಚಾರಿಸುವುದಕ್ಕೂ ಕೇಳುವುದು ಅನ್ನುತ್ತೇವೆ. ಒಂದೇ ಪದಕ್ಕೆ ಎರಡು ಕೆಲಸ ಯಾಕೆ ಕೊಟ್ಟರೆಂದು ಹಿಂದೆ ನಾನು ಯೋಚಿಸಿರಲಿಲ್ಲ. ಅವತ್ತು ತಿಳಿಯಿತು. ಕೇಳಿಸದವರಿಗೆ ಕೇಳಲಿಕ್ಕೂ ಆಗುವುದಿಲ್ಲ. “ಏನಂದ ಅವನು?” ಎಂದು ಒಂದು ಸಲ ಕೇಳಬಹುದು, ಎರಡು ಸಲ ಕೇಳಬಹುದು. ಮೂರನೆಯ ಸಲಕ್ಕೆ ಹೇಳುವವರ ಮುಖದಲ್ಲಿ ಬೇಸರ ಕಾಣುತ್ತದೆ. ಆಮೇಲೆ ಮಾನವಂತರು ಕೇಳುವುದನ್ನು ಬಿಟ್ಟು, ನಾಟಕದಲ್ಲಿ ಹುರುಳಿಲ್ಲ ಎಂದು ಕೋಣೆಗೆ ಹೋಗುತ್ತಾರೆ. ನಮ್ಮತ್ತೆಯ ಮುಂದೆ ಕಿವಿಯ ಮಾತು ಎತ್ತುವ ಹಾಗೂ ಇರಲಿಲ್ಲ. ಹಿಂದೊಮ್ಮೆ ನಾದಿನಿ, “ಅವ್ವಾ, ಒಮ್ಮಿ ಕಿವಿ ಡಾಕ್ಟರಿಗೆ ತೋರಿಸೋಣೇನು?” ಎಂದದ್ದಕ್ಕೆ “ನಾ ಏನು ಕಿವುಡೀನಾ?” ಎಂದು ಸಿಡಿದು, ಮಗಳು ಊರಿಗೆ ಹೊರಟಾಗ ಬಾಗಿಲಿಗೂ ಬಂದಿರಲಿಲ್ಲ.

ಹಾಗಾಗಿ ನಾನು ಯಾರಿಗೂ ಏನೂ ಹೇಳದೆ ಹೋಮ್ ಥಿಯೇಟರಿನ ಜವಾಬ್ದಾರಿಯನ್ನು ನನ್ನ ಕೈಗೆ ತೆಗೆದುಕೊಂಡೆ. “ಬರ್ರಿ, ಹೋಗಿ ನೋಡಿ ತಗೊಂಡು ಬರೋಣ. ಬಡಿದು ನೋಡದ ಸಾಮಾನು ನಾ ಮನಿಗೆ ತರಂಗಿಲ್ಲ,” ಎಂದೆ. ಮನೆಯವರಿಗೆ ನಂಬಿಕೆಯೇ ಬರಲಿಲ್ಲ. ಎಲ್ಲಿ ಮನಸ್ಸು ಬದಲಾಯಿಸುತ್ತೇನೋ ಎಂದು ಅವತ್ತೇ ಹಗರಿಬೊಮ್ಮನಹಳ್ಳಿಗೆ ಹೊರಡಿಸಿದರು.

ಅಲ್ಲಿಯ ಅಂಗಡಿಯವರು ಬಹಳ ಹುರುಪಿನ ಮನುಷ್ಯ. “ಅಕ್ಕಾರ, ಗಟ್ಟಿ ಕುಂದರ್ರಿ,” ಎಂದು ನಮ್ಮನ್ನು ಒಳಕೋಣೆಯ ಸೋಫಾದ ಮೇಲೆ ಕೂರಿಸಿ ಗುಂಡಿ ಒತ್ತಿದರು. ಮೊದಲು ಒಂದು ಹೆಲಿಕಾಪ್ಟರು ನನ್ನ ಬೆನ್ನ ಹಿಂದಿನಿಂದ ಬಂದು ತಲೆಯ ಮೇಲೆ ಹಾರಿ ಹೋಯಿತು. ಆಮೇಲೆ ಸಿಡಿಲು. ಆಮೇಲೆ ಒಂದು ದೊಡ್ಡ ಕಟ್ಟಡ ಕುಸಿದು ಅದರ ಗಾಜೆಲ್ಲ ನನ್ನ ಮಡಿಲಿಗೆ ಸುರಿಯಿತು. ಟೇಬಲ್ಲಿನ ಮೇಲಿದ್ದ ಚಹಾದ ಕಪ್ಪು ಕುಣಿಯುತ್ತ ಅಂಚಿಗೆ ಬಂತು. ಮನೆಯವರ ಮುಖದಲ್ಲಿ ಹರಪನಹಳ್ಳಿಯ ಆ ಹಳೇ ಬೆಂಚಿನ ಮೇಲಿನ ಹುಡುಗ ಕಾಣಿಸಿದ.

“ಹೆಂಗೈತ್ರಿ ಅಕ್ಕಾರ?”

“ಚಂದೈತಿ. ಈಗ ಮಾತು ಹಚ್ರಿ,” ಎಂದೆ.

“ಮಾತಾ?”

“ಹ್ಞೂಂ. ಯಾರರ ಇಬ್ರು ಕುಂತು ಮಾತಾಡೋದು ಹಚ್ರಿ.”

ಅವರು ಹುಡುಕಿದರು. ಅವರ ಹತ್ತಿರ ಇದ್ದದ್ದೆಲ್ಲ ಗುಡುಗು, ಮಳೆ, ಯುದ್ಧ, ರೈಲು. ಇಡೀ ಅಂಗಡಿಯಲ್ಲಿ ಇಬ್ಬರು ಮನುಷ್ಯರು ಸಮಾಧಾನದಿಂದ ಮಾತಾಡುವ ಒಂದು ತುಣುಕೂ ಇರಲಿಲ್ಲ. ಕೊನೆಗೆ ಟಿವಿಯ ವಾರ್ತೆ ಹಚ್ಚಿದರು. ವಾರ್ತೆ ಓದುವಾಕೆ ಬಾವಿಯೊಳಗೆ ಇಳಿದು ಓದಿದ ಹಾಗೆ ಕೇಳಿಸಿತು. “ಮಾತು ಯಾರೂ ಕೇಳಂಗಿಲ್ರೀ ಅಕ್ಕಾರ. ಬಂದೋರೆಲ್ಲ ಬೇಸ್ ಹೆಂಗೈತಿ ಅಂತ ಕೇಳ್ತಾರ,” ಎಂದು ಅವರು ತಲೆ ಕೆರೆದುಕೊಂಡರು. ನಾನು ನಮಸ್ಕಾರ ಹೇಳಿ ಎದ್ದುಬಿಟ್ಟೆ.

ಬಸ್ಸಿನಲ್ಲಿ ಮನೆಯವರು ಮುಖ ಊದಿಸಿಕೊಂಡಿದ್ದರು. “ಕೊಡ ತಗೊಳ್ಳಾಕ ಹೋದಂಗ ಮಾಡಿದಿ. ಹೋಮ್ ಥಿಯೇಟರಿನಾಗ ಯಾರರ ವಾರ್ತೆ ಕೇಳ್ತಾರೇನು?”

ಆಗ ನಾನು ಅವರ ಅವ್ವನ ನಗೆಯ ವಿಷಯ ಹೇಳಿದೆ. ತಡವಾಗಿ ನಗುವುದು, ನಮ್ಮ ಮುಖ ನೋಡಿ ನಗುವುದು, ಎಲ್ಲ. ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಮೆಕ್ಕೆಜೋಳದ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು.

“ನಾ ವೈರಾಗ್ಯ ಅಂದ್ಕೊಂಡಿದ್ದೆ,” ಎಂದರು.

ಈ ಬೇಸ್ ಅನ್ನುವ ದಪ್ಪ ಸದ್ದಿನ ಮೇಲೆ ಜನಕ್ಕೆ ಇರುವ ಮೋಹ ನನಗೆ ಇಂದಿಗೂ ಅರ್ಥವಾಗಿಲ್ಲ. ನಮ್ಮ ಸೀಮೆಯಲ್ಲೇ ಮೈಲಾರ ಇದೆಯಲ್ಲ. ಅಲ್ಲಿ ಕಾರ್ಣಿಕದ ದಿನ, ಅಂದರೆ ವರ್ಷದ ಭವಿಷ್ಯ ನುಡಿಯುವ ದಿನ, ಕಣ್ಣು ಹಾಯುವ ತನಕ ಜನ. ಅಷ್ಟು ಗದ್ದಲದ ನಡುವೆ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಸುಮ್ಮನಿರಿ ಅನ್ನುವುದಕ್ಕೆ “ಸದ್ದಲೇ” ಅನ್ನುತ್ತಾರೆ. ಅಷ್ಟೂ ಜನ ಉಸಿರು ಹಿಡಿಯುತ್ತಾರೆ, ಎತ್ತಿನ ಕೊರಳ ಗಂಟೆಯೂ ನಿಂತ ಹಾಗೆ. ಬರುವುದು ಒಂದೇ ಒಂದು ಮಾತು. ಆ ಒಂದು ಮಾತಿಗಾಗಿ ಚಕ್ಕಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು ಬಂದಿರುತ್ತಾರೆ. ಆಮೇಲೆ ವರ್ಷವಿಡೀ ಅವರು ಹಾಗಂದರು, ಇಲ್ಲ ಹೀಗಂದರು ಎಂದು ಜಗಳವಾಡುತ್ತಾರೆ ಅನ್ನುವುದು ಬೇರೆ ಮಾತು. ಸದ್ದು ಮಾಡುವುದು ಸುಲಭ, ಒಂದು ಮಾತನ್ನು ಎಲ್ಲರ ಕಿವಿಗೆ ಮುಟ್ಟಿಸುವುದು ಕಷ್ಟ ಎಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನದಿಂದ ಮನೆಯವರು ಮೊಬೈಲಿನಲ್ಲಿ ಓದುವುದೇ ಬೇರೆಯಾಯಿತು. ನಾಲ್ಕು ದಿನ ಬಿಟ್ಟು ನನ್ನ ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತು ಹೇಳಿದರು: “ನೋಡು, ಸಿನಿಮಾದಾಗ ಮಾತೆಲ್ಲ ನಡುವಿನ ಸ್ಪೀಕರಿನಾಗ ಬರ್ತೈತಂತ. ಸೆಂಟರ್ ಅಂತಾರ ಅದಕ್ಕ. ನಮ್ಮ ಬಜೆಟ್ಟಿನಾಗ ಆರು ಡಬ್ಬಿ ತಗೊಂಡ್ರ ಆರೂ ಹಗುರು ಬರ್ತಾವು. ಅದರ ಬದಲಿ, ಮುಂದಿನ ಎರಡು, ನಡುವಿಂದೊಂದು ಅಷ್ಟ ಚಲೋದು ತಗೊಳ್ಳೋಣ. ನಡುವಿನ ಸ್ಪೀಕರಿನ ಸೌಂಡ್ ಅಷ್ಟ ಬೇರೆ ಏರಿಸಾಕ ಬರೋ ರಿಸೀವರ್ ನೋಡೋಣ.”

“ಹಿಂದಿನವು?”

“ಬ್ಯಾಡ.”

“ಗುಡುಗಿಂದು?”

“ನನ್ನ ಪಾಯಿಂಟ್ ಒಂದು ಬಿಟ್ಟೆ, ನಡಿ,” ಎಂದರು. ಮತ್ತೆ ತಾವೇ, “ರಿಸೀವರಿನ ಹಿಂದ ಅದಕ್ಕೊಂದು ಕಿಂಡಿ ಇರ್ತೈತಿ. ಮುಂದ ಯಾವಾಗರ ಹಚ್ಚಿದ್ರಾತು,” ಎಂದು ಸಮಾಧಾನ ಮಾಡಿಕೊಂಡರು. ಚಪ್ಪಲಿಗೂ ತೀರ್ಮಾನ ಮಾಡಲಾರದ ಮನುಷ್ಯ ಇದನ್ನು ಎಷ್ಟು ಬೇಗ ತೀರ್ಮಾನಿಸಿದರು ಅನ್ನುವುದು ನನಗೆ ಮುಖ್ಯವಾಗಿ ಕಂಡಿತು. ಅವತ್ತು ಮಧ್ಯಾಹ್ನ ಬುತ್ತಿಯಲ್ಲಿದ್ದ ಶೇಂಗಾ ಹೋಳಿಗೆ ಪೂರ್ತಿ ಅವರಿಗೇ ಕೊಟ್ಟೆ.

ಆರಿಸುವುದಕ್ಕೆ ಮಾತ್ರ ಅತ್ತೆಯೇ ಬೇಕಾಗಿತ್ತು. ತಟ್ಟಿ ನೋಡುವ ಬೆರಳು ನನ್ನದಾದರೇನು, ಕೇಳಬೇಕಾದ ಕಿವಿ ಅವರದು. ಹರಪನಹಳ್ಳಿಯಲ್ಲಿ ನಾದಿನಿಯ ಮಗಳು ಹೆತ್ತಿದ್ದಳು, ಕೂಸು ನೋಡಿ ಬರುವುದಿತ್ತು. ಮೂವರೂ ಹೊರಟೆವು. ಕೂಸು ನೋಡಿ, ಕೈಗೆ ಕಾಣಿಕೆ ಇಟ್ಟು, ಊಟ ಮುಗಿಸಿ ಬರುವಾಗ, “ಇಲ್ಲೇ ಒಂದು ಅಂಗಡಿಗೆ ಹೋಗೋದೈತ್ರಿ ಅತ್ತಿ,” ಎಂದು ಕರೆದುಕೊಂಡು ಹೋದೆ.

ಆ ಅಂಗಡಿ ದೊಡ್ಡದು. ಮಾಲೀಕರು, “ಬನ್ನಿ ಅಮ್ಮಾ, ಇಲ್ಲಿ ಕೂತ್ಕಳಿ,” ಎಂದು ಅತ್ತೆಗೆ ನಡುವಿನ ಕುರ್ಚಿ ಕೊಟ್ಟರು. ಈ ಸಲ ನಾನು ತಯಾರಾಗಿಯೇ ಹೋಗಿದ್ದೆ. ಒಂದು ಹಾಸ್ಯ ನಾಟಕವನ್ನು ಮೊಬೈಲಿಗೆ ಹಾಕಿಸಿಕೊಂಡಿದ್ದೆ. ಹಳ್ಳಿಯ ತಂಡದವರು ಆಡಿದ್ದು. ಮಾವನ ಮನೆಗೆ ಬಂದ ಅಳಿಯ ಹೊರಡುವ ಹೆಸರೇ ಎತ್ತುವುದಿಲ್ಲ, ಅಷ್ಟೇ ಕತೆ. “ಇದನ್ನ ಬೇರೆ ಬೇರೆ ಸೆಟ್ಟಿನಾಗ ಹಚ್ಚಿ ತೋರಸ್ರಿ,” ಎಂದೆ. ಮನೆಯವರು ಒಂದು ಪಕ್ಕ, ನಾನು ಒಂದು ಪಕ್ಕ ಕೂತೆವು. ನಾನು ಸ್ಪೀಕರಿನ ಕಡೆ ಬೆನ್ನು ಮಾಡಿ ಅತ್ತೆಯ ಕಡೆ ತಿರುಗಿ ಕೂತದ್ದು ನೋಡಿ ಮಾಲೀಕರಿಗೆ ವಿಚಿತ್ರವೆನ್ನಿಸಿರಬೇಕು.

ಮೊದಲನೆಯ ಸೆಟ್ಟು ನೋಡಲು ಬಹಳ ಠೀವಿ. ನಾಟಕ ನಡೆಯಿತು, ಮನೆಯವರು ನಕ್ಕರು, ಅತ್ತೆ ಮಗನ ಮುಖ ನೋಡಿ ನಕ್ಕರು. “ಬ್ಯಾರೇದು ಹಚ್ರಿ,” ಎಂದೆ. ಎರಡನೆಯದರಲ್ಲಿ ಮಾತಿಗೆಲ್ಲ ಸ ಸ ಎಂಬ ಬಾಲ ಹತ್ತಿತ್ತು. ಅತ್ತೆ ಸೆರಗಿನಿಂದ ಕಿವಿ ಒರೆಸಿಕೊಂಡರು. ಅದೂ ಬೇಡವೆಂದೆ. ಮಾಲೀಕರು ಮೂರನೆಯದಕ್ಕೆ ವೈರು ಸಿಕ್ಕಿಸಿದರು. ಆ ಸೆಂಟರ್ ಸ್ಪೀಕರಿಗೆ ಅಂದವೇನೂ ಇರಲಿಲ್ಲ, ಅಡ್ಡ ಮಲಗಿಸಿದ ಕರಿ ಪೆಟ್ಟಿಗೆ. ನಾಟಕ ಮತ್ತೆ ಮೊದಲಿನಿಂದ ಶುರುವಾಯಿತು.

“ಅಳಿಯಂದ್ರ, ಊರಿಗೆ ಯಾವಾಗ ಹೊಂಡ್ತೀರಿ?” ಎಂದು ಮಾವ ಕೇಳಿದ.

“ಮಳಿ ನಿಂತ ಮ್ಯಾಲೆ ಹೊಂಡ್ತೀನ್ರಿ,” ಎಂದ ಅಳಿಯ.

“ಮಳಿ ಎಲ್ಲೈತ್ರೀ, ಬಿಸಲು ರಣಾ ಹೊಡಿಯಾಕತ್ತೈತಿ?”

“ಬರಬೇಕಲ್ರಿ ಮದ್ಲು. ಬಂದ ಮ್ಯಾಲ್ ತಾನ ನಿಲ್ಲತೈತಿ.”

ಅತ್ತೆ ನಕ್ಕರು. ಯಾರ ಮುಖವನ್ನೂ ನೋಡದೆ, ಯಾರಿಗಿಂತಲೂ ಮೊದಲು, ಹೊಟ್ಟೆಯಿಂದ ನಕ್ಕರು. ಹೊಳೆಯ ಆಚೆ ದಡಕ್ಕೆ ಕೇಳುವ ಆ ನಗೆ ಕೇಳಿ ಬಾಗಿಲಲ್ಲಿ ಹೋಗುವವರು ನಿಂತು ನೋಡಿದರು. “ಬರಬೇಕಲ್ರಿ ಮದ್ಲು ಅಂತಾನ, ಮೂಳ!” ಎಂದು ತೊಡೆ ತಟ್ಟಿಕೊಂಡರು. ನಾನು ಮಾಲೀಕರಿಗೆ, “ಇದನ್ನ ಕಟ್ರಿ,” ಎಂದೆ. “ಅಮ್ಮಾ, ಇನ್ನೂ ಎರಡು ಮಾಡೆಲ್ ಅದಾವೆ, ನೋಡಿಬಿಡಿ,” ಎಂದರು ಅವರು. ಮನೆಯವರು, “ಬ್ಯಾಡ್ರಿ, ಇದಾ ಸಾಕು,” ಎಂದರು. ನಾನು ಪರ್ಸು ತೆಗೆದೆ.

ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆಗಳನ್ನು ಕಾಲ ನಡುವೆ ಇಟ್ಟುಕೊಂಡೆವು. ಕಂಡಕ್ಟರು ಅವಕ್ಕೂ ಟಿಕೆಟ್ ಹರಿದ. ನಾನು ಗೆದ್ದ ಉತ್ಸಾಹದಲ್ಲಿದ್ದೆ. ಊರು ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗದೆಯೇ ಕೇಳಿದರು: “ಡಬ್ಬಿ ಆರಿಸಾಕ ಹೋಗಿದ್ರೋ, ನನ್ನ ಕಿವಿ ನೋಡಾಕ ಹೋಗಿದ್ರೋ?”

ಸುಳ್ಳು ಹೇಳಬಹುದಿತ್ತು. ಅತ್ತೆಯಂಥ ಹೆಂಗಸಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಆಗದ ಮಾತು. “ಎರಡೂ ರೀ ಅತ್ತಿ,” ಎಂದೆ.

ಮನೆಗೆ ಬಂದೊಡನೆ ಅತ್ತೆ ಕೋಣೆ ಸೇರಿದರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಊಟಕ್ಕೆ ಕರೆದರೆ ಬಂದು ಉಂಡು ಹೋಗುವರು. ಪೆಟ್ಟಿಗೆಗಳು ಬಿಚ್ಚದೆ ಹಾಲಿನ ಮೂಲೆಯಲ್ಲಿ ಕೂತಿದ್ದವು. ಕಿವಿ ಮಂದವಾದವರಿಗೆ ಕೇಳಿಸುವುದಿಲ್ಲವೆಂಬ ದುಃಖ ಒಂದು ಕಡೆಯಾದರೆ, ಅದು ಎಲ್ಲರಿಗೂ ಗೊತ್ತಾಗಿಹೋಯಿತಲ್ಲ ಅನ್ನುವುದು ಅದಕ್ಕಿಂತ ದೊಡ್ಡದು. ನನ್ನ ಆಯ್ಕೆ ಸರಿಯೆಂದು ನನಗೆ ಖಾತ್ರಿಯಿತ್ತು. ಅವರು ಬಂದು ಕೂರುತ್ತಾರೋ ಇಲ್ಲವೋ ಅನ್ನುವುದು ಮಾತ್ರ ನನ್ನ ಕೈಯಲ್ಲಿರಲಿಲ್ಲ.

ಭಾನುವಾರ ಮನೆಯವರು ಸುಮ್ಮನೆ ಎದ್ದು ಪೆಟ್ಟಿಗೆ ಬಿಚ್ಚಿದರು. ಬೆಳಗಿನ ತಿಂಡಿ ಬಿಟ್ಟು ವೈರುಗಳನ್ನು ಎಳೆದರು, ಟಿವಿಯ ಎರಡೂ ಪಕ್ಕಕ್ಕೆ ಒಂದೊಂದು ಸ್ಪೀಕರು, ನಡುವೆ ಆ ಕರಿ ಪೆಟ್ಟಿಗೆ. ರಿಸೀವರಿನ ಜೊತೆ ಒಂದು ಸಣ್ಣ ಮೈಕು ಕೊಟ್ಟಿದ್ದರು. ನಾವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಅದನ್ನು ಇಟ್ಟರೆ, ಯಾವ ಸ್ಪೀಕರು ಎಷ್ಟು ದೂರವಿದೆ, ಎಷ್ಟು ಜೋರಾಗಿ ನುಡಿಯಬೇಕು ಎಂದು ರಿಸೀವರು ತಾನೇ ಲೆಕ್ಕ ಹಾಕಿಕೊಳ್ಳುತ್ತದಂತೆ. ಮನೆಯವರು ಅದನ್ನು ತಮ್ಮ ಸೋಫಾದ ಮೇಲೆ ಇಡಲಿಲ್ಲ. ಅತ್ತೆಯ ಕುರ್ಚಿಯನ್ನು ತಂದು ಹಾಲಿನ ನಡುವೆ ಹಾಕಿ, ಅವರ ತಲೆಯ ಎತ್ತರ ಬರುವ ತನಕ ದಿಂಬುಗಳನ್ನು ಪೇರಿಸಿ, ಅದರ ಮೇಲೆ ಮೈಕನ್ನು ಕೂರಿಸಿದರು. ಸ್ಪೀಕರುಗಳು ಒಂದರ ನಂತರ ಒಂದು ಕೂಂಯ್ ಕೂಂಯ್ ಎಂದು ಕೂಗತೊಡಗಿದವು.

ಸದ್ದಿಗೆ ಅತ್ತೆ ಕೋಣೆಯ ಬಾಗಿಲಿಗೆ ಬಂದರು. “ಏನಲೇ ಅದು ನನ್ನ ಕುರ್ಚಿ ಮ್ಯಾಲೆ ಕುಂತಿದ್ದು?”

“ಅದು ನಿನ್ನ ಕಿವಿ ಅವ್ವಾ. ನಿನಗ ಹೆಂಗ ಕೇಳಬೇಕು ಅಂತ ನೋಡಾಕತ್ತೈತಿ,” ಎಂದರು ಮನೆಯವರು.

“ಅದಕ್ಯಾಕ ನನ್ನ ಕುರ್ಚಿ? ನಾ ಏನು ಸತ್ತೀನೇನು? ಎಬ್ಬಿಸು ಅದನ್ನ!”

ಹಾಗೆಂದು ದಿಂಬುಗಳನ್ನೆಲ್ಲ ಕೆಳಗೆ ಎಳೆದು ಹಾಕಿ ತಾವೇ ಕೂತರು. ನಾನು ಉಸಿರು ಬಿಡದೆ ಧಾರಾವಾಹಿ ಹಚ್ಚಿದೆ. ಮೊದಲಿಗಿಂತ ಸೌಂಡ್ ಕಡಿಮೆಯೇ ಇತ್ತು. ನಾಲ್ಕು ಮಾತು ಕಳೆಯುವುದರೊಳಗೆ ಪರದೆಯ ಮೇಲಿನ ಗಂಡನಿಗೆ ಅತ್ತೆಯಿಂದ ಮಂಗಳಾರತಿ ಶುರುವಾಯಿತು. ಬಿಟ್ಟು ಹೋದ ಎಲ್ಲ ಬೈಗುಳವನ್ನೂ ಒಂದೇ ದಿನ ತೀರಿಸಿದರು. ಮನೆಯವರು ಸ್ಕ್ರೂಡ್ರೈವರ್ ಹಿಡಿದುಕೊಂಡು ನೆಲದ ಮೇಲೆ ಕೂತು, ಟಿವಿ ಬಿಟ್ಟು ಅವ್ವನನ್ನೇ ನೋಡುತ್ತಿದ್ದರು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ನನ್ನ ಬೆನ್ನು ತಟ್ಟಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಒಂದೆರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತ, “ಅತ್ತೀ, ಮಜ್ಜಿಗಿ ಬೇಕೇನ್ರಿ?” ಎಂದು ಕೂಗಿದೆ. ಉತ್ತರವಿಲ್ಲ. ಇನ್ನೂ ಜೋರಾಗಿ ಕೂಗಿದೆ. ಮೂರನೆಯ ಸಲಕ್ಕೆ ನನ್ನ ದನಿಯಲ್ಲಿ ಬೇಸರ ಬಂದಿರಬೇಕು. ಅತ್ತೆ ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

“ಆ ಡಬ್ಬಿ ಹೆಂಗ ನನ್ನ ಮಾರಿ ನೋಡಿ ಮಾತಾಡತೈತಿ ನೋಡು. ನೀನು ಇಲ್ಲಿ ಒಳಗ ನಿಂತು, ಗ್ವಾಡಿ ಕಡೆ ಮಾರಿ ಮಾಡಿ, ನೀರು ಬಿಟ್ಗೊಂಡು ಒದರತಿ. ನನ್ನ ಮಗ ಹಲ್ಲು ತಿಕ್ಕೊಂತ ಮಾತಾಡ್ತಾನ. ಆಮ್ಯಾಲೆ ನಾ ಕಿವುಡಿ ಅಂತೀರಿ!”

ನಾನು ನಲ್ಲಿ ನಿಲ್ಲಿಸಿದೆ. ಆ ಪದವನ್ನು ಅವರು ತಾವಾಗಿಯೇ ಎತ್ತಿದ್ದು ಅದೇ ಮೊದಲು. ಆಡಿದ ಮೇಲೆ ಅದರ ಹೆದರಿಕೆ ಅವರಿಗೂ ಹೋದ ಹಾಗಿತ್ತು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, “ಕಿವಿ ಮಂದ ಆಗೈತಿ, ಹೌದು. ದಾವಣಗೆರಿಗೆ ಯಾವ ಡಾಕ್ಟರಂತಾಕ ಹೋಗಬೇಕೋ ಹೋಗೋಣ. ಆದ್ರ ನೀವೂ ಒಂದೀಟು ಮಾತಾಡೋದು ಕಲೀರಿ,” ಎಂದರು.

ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಿನಿಂದ ಬಂದದ್ದು, ಮಷೀನು ಹಾಕಿದರೆ ಅನುಕೂಲ ಎಂದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: ಮಷೀನು ಹಾಕಿದರೂ ದೂರದಿಂದ ಕೂಗಬೇಡಿ, ಎದುರಿಗೆ ಬಂದು, ಮುಖ ಕಾಣುವ ಹಾಗೆ, ನಿಧಾನವಾಗಿ ಮಾತಾಡಿ. ಅತ್ತೆ ನಮ್ಮ ಕಡೆ ತಿರುಗಿ, “ಕೇಳಿದ್ರೇನು?” ಎಂದರು. ಡಾಕ್ಟರ ಫೀಸು ಅವರಿಗೆ ಎಂದೂ ಇಷ್ಟು ಸಾರ್ಥಕ ಅನ್ನಿಸಿರಲಿಕ್ಕಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಮಾತಾಡುವ ಹಾಗಿಲ್ಲ. ಮಾತು ಬೇಕಾದವರು ಎದ್ದು ಹೋಗಬೇಕು. ಇದರಿಂದ ಮಾತು ಕಡಿಮೆಯಾಗಿದೆ, ಕಾಲಿಗೆ ಕೆಲಸ ಹೆಚ್ಚಾಗಿದೆ. ಎದ್ದು ಹೋಗುವಷ್ಟು ತೂಕವಿಲ್ಲದ ಮಾತುಗಳು ಅಲ್ಲಲ್ಲೇ ಉದುರಿಹೋಗುತ್ತವೆ. ಅತ್ತೆಗೆಂದು ಕಲಿತದ್ದು ನಮ್ಮಿಬ್ಬರಿಗೂ ರೂಢಿಯಾಗಿಬಿಟ್ಟಿದೆ. ಮೊನ್ನೆ ಮನೆಯವರು, ಹಿತ್ತಲಿಂದ ಕೂಗಿ ಕೇಳಬಹುದಾದದ್ದನ್ನು, ನಾನು ರೊಟ್ಟಿ ಬಡಿಯುತ್ತಿದ್ದಲ್ಲಿಗೆ ಬಂದು ಎದುರಿಗೆ ನಿಂತು, “ಸಂತಿಗೆ ಹೊಂಟೀನಿ, ಏನರ ತರಬೇಕೇನು?” ಎಂದು ಕೇಳಿದರು. ನಾನು ತಲೆ ಎತ್ತಿ ನೋಡಿದೆ. ಅವರ ಮುಖದಲ್ಲಿ ಏನೋ ಬೇರೆಯಾಗಿತ್ತು.

“ಏನ್ರಿ, ಕನ್ನಡಕ ಯಾವಾಗ ಬದಲಿ ಮಾಡಿದ್ರಿ?”

“ಯುಗಾದಿಗೆ.”

“ಮನ್ನಿ ಯುಗಾದಿಗೇನು?”

“ಅದರ ಹಿಂದಿನ ಯುಗಾದಿಗೆ,” ಎಂದರು, ಸಿಟ್ಟೇನೂ ಇಲ್ಲದೆ.

ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಇನ್ನೊಮ್ಮೆ ನೋಡಿದೆ. “ಚಂದ ಕಾಣ್ತೈತಿ,” ಎಂದೆ.

“ಏನಂದಿ?” ಎಂದು ಕಿವಿಗೆ ಕೈ ಹಚ್ಚಿದರು.

ಅವರಿಗೆ ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿದೆ, ಎದುರಿಗೆ ನಿಂತು, ಮುಖ ಕಾಣುವ ಹಾಗೆ, ನಿಧಾನವಾಗಿ.